ಹೇಳಿದರೆ ತಾನೇ ಲೆಕ್ಕ!

ಮನೆಯಲ್ಲಿ ಎಷ್ಟು ಮಂದಿ ಉಣ್ಣುವವರು ಎಂದು ಗೊತ್ತಿಲ್ಲದೆ ಎಸರು ಇಡಲು ಆಗುತ್ತದೆಯೇ? ದೇಶದ ಸಂಸಾರವೂ ಹಾಗೆಯೇ. ಎಷ್ಟು ಕಾಳು ಬೇಕು, ಎಷ್ಟು ಶಾಲೆ ಬೇಕು? ಮೊದಲು ಜನರನ್ನು ಎಣಿಸಬೇಕು. ಇದೇ ಜನಗಣತಿ.

ಹಳೆಯ ಲೆಕ್ಕ ನಮ್ಮ ಹಿರಿಯರ ಕಷ್ಟವನ್ನೂ ಹೇಳುತ್ತದೆ. ಬ್ರಿಟಿಷರ ಕಾಲದಲ್ಲಿ ಬಾಗಲಕೋಟೆ, ಬಾದಾಮಿ, ಹುನಗುಂದ ಕಲಾದಗಿ ಜಿಲ್ಲೆಗೆ ಸೇರಿದ್ದವು. 1872ರಲ್ಲಿ ಆ ಜಿಲ್ಲೆಯಲ್ಲಿ ಸುಮಾರು 8 ಲಕ್ಷ ಜನರಿದ್ದರು. 1876ರಿಂದ 1878ರವರೆಗೆ ಭೀಕರ ಬರ ಬಿತ್ತು. 1881ರಲ್ಲಿ ಎಣಿಸಿದಾಗ ಆರೂವರೆ ಲಕ್ಷ ಜನರೂ ಇರಲಿಲ್ಲ. ಸತ್ತವರು ಎಷ್ಟೋ, ಗುಳೆ ಹೋದವರು ಎಷ್ಟೋ!

1947ರಲ್ಲಿ ಸ್ವಾತಂತ್ರ್ಯ ಬಂತು. ಸ್ವತಂತ್ರ ಭಾರತದ ಮೊದಲ ಜನಗಣತಿ ನಡೆದದ್ದು 1951ರಲ್ಲಿ. ಆಗ ನಮ್ಮ ಈ ತಾಲ್ಲೂಕುಗಳು ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಫೆಬ್ರವರಿಯಲ್ಲಿ ಗಣತಿಯವರು ಮನೆ ಮನೆಗೆ ಹೋದರು. ಮಾರ್ಚ್ 1ರ ಸೂರ್ಯೋದಯಕ್ಕೆ ಇದ್ದವರ ಲೆಕ್ಕ ಬೇಕಾಗಿತ್ತು. ಅದಕ್ಕೇ ಮತ್ತೊಮ್ಮೆ ಬಂದರು. ಕೂಸು ಹುಟ್ಟಿದ್ದರೆ ಸೇರಿಸಿದರು. ಯಾರಾದರೂ ತೀರಿಕೊಂಡಿದ್ದರೆ ತೆಗೆದರು.

ದೇಶದಲ್ಲಿ ಒಟ್ಟು 36 ಕೋಟಿ ಜನ ಎಂದು ಗೊತ್ತಾಯಿತು. 100 ಜನರಲ್ಲಿ ಓದು ಬರಹ ಬಲ್ಲವರು ಸುಮಾರು 18. ಹೆಂಗಸರಲ್ಲಂತೂ 100ಕ್ಕೆ ಸುಮಾರು 9 ಮಾತ್ರ!

ನಮ್ಮ ಕಡೆ ಹಿರಿಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ಹಾಗೇ ಹೇಳುವುದಿಲ್ಲ. ಒಡಪು ಕಟ್ಟಿ ಹೇಳುತ್ತಾರೆ. 1948ರ ಜನಗಣತಿ ಕಾಯ್ದೆ ಇದಕ್ಕೂ ದಾರಿ ಮಾಡಿತು. ರೂಢಿ ಇಲ್ಲದಿದ್ದರೆ ಹೆಂಗಸರು ಗಂಡನ ಹೆಸರು ಹೇಳಬೇಕಾಗಿಲ್ಲ ಎಂದಿತು. ಹೆಸರು ಬಿಟ್ಟರೂ ಆಕೆಯನ್ನು ಎಣಿಕೆಯಿಂದ ಬಿಡುವಂತಿಲ್ಲ.

ಆದರೆ ಆಕೆಯ ದುಡಿಮೆ? ಇಳಕಲ್ಲಿನ ನೇಕಾರರ ಮನೆ ನೋಡಿರಿ. ಗಂಡ ಸೀರೆ ನೇಯುತ್ತಾನೆ. ಹೆಂಡತಿ ಕಂಡಿಕೆ ಸುತ್ತುತ್ತಾಳೆ. 'ಏನ್ ಕೆಲಸ ಮಾಡ್ತೀರಿ?' ಎಂದು ಆಕೆಯನ್ನು ಕೇಳಿದರೆ, 'ಏನಿಲ್ರೀ, ಮನ್ಯಾಗ ಇರ್ತೀನಿ' ಅಂತಾಳೆ. ಹಾಗೇ ಬರೆದುಕೊಂಡರೆ ಆಕೆ ದುಡಿದದ್ದು ಲೆಕ್ಕಕ್ಕೆ ಬರುವುದಿಲ್ಲ. ಸರ್ಕಾರದ ಕಾಗದದಲ್ಲಿ ಆಕೆ ದುಡಿಯದವಳು!

1997ರಲ್ಲಿ ಬಾಗಲಕೋಟೆಯೇ ಜಿಲ್ಲೆಯಾಯಿತು. 2011ರ ಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 19 ಲಕ್ಷ. ಇಲ್ಲಿ 100 ಹೆಂಗಸರಲ್ಲಿ ಸುಮಾರು 58 ಜನ ಸಾಕ್ಷರರು. ಉಳಿದ 42 ಜನ ನಮ್ಮ ಅಕ್ಕ, ತಂಗಿ, ತಾಯಿಯರೇ ಅಲ್ಲವೇ?

ಮುಂದಿನ ಗಣತಿಗೆ ಸರ್ಕಾರ 2027ರ ಮಾರ್ಚ್ 1 ಅನ್ನು ಲೆಕ್ಕದ ದಿನವೆಂದು ಗೊತ್ತು ಮಾಡಿದೆ. ಗಣತಿಯವರು ಬಂದಾಗ ಹೆದರುವುದು ಬೇಡ. ನಾವು ಕೊಡುವ ಉತ್ತರವನ್ನು ಗುಟ್ಟಾಗಿ ಇಡಬೇಕೆಂದು ಕಾಯ್ದೆಯೇ ಹೇಳುತ್ತದೆ. ತೊಟ್ಟಿಲ ಕೂಸು, ಮೂಲೆಯ ಅಜ್ಜಿ, ಯಾರನ್ನೂ ಬಿಡದೆ ಹೇಳೋಣ. ವಯಸ್ಸು ಸರಿಯಾಗಿ ಹೇಳೋಣ. ಮಾಡುವ ಕೆಲಸ ಬಾಯಿಬಿಟ್ಟು ಹೇಳೋಣ.

1951ರಿಂದ 2011ರವರೆಗೆ ಪ್ರತಿ ಗಣತಿಯಲ್ಲೂ ಒಂದು ಪ್ರಶ್ನೆ ಇತ್ತು: 'ಓದಾಕ ಬರಿಯಾಕ ಬರ್ತದೇನು?' ಈ ಪಾಠವನ್ನು ನೀವೇ ಓದಿದಿರಲ್ಲ? ಹಾಗಾದರೆ ಮುಂದಿನ ಸಲ ಕೇಳಿದಾಗ ನಾಚಬೇಡಿ. 'ಬರ್ತದ್ರೀ' ಎಂದು ಗಟ್ಟಿಯಾಗಿ ಹೇಳಿರಿ.