ಮೋಟಾರು ದೋಣಿಯ ಸಂಸಾರ

ಸಮುದ್ರದ ಮಗ್ಗುಲಲ್ಲೇ ಇದ್ದುಕೊಂಡು ಸಮುದ್ರವನ್ನು ಮರೆತು ಬಾಳುವುದರಲ್ಲಿ ನಮ್ಮ ಮುಂಬಯಿ, ಠಾಣೆ ಕಡೆಯವರಿಗೆ ಸರಿಸಾಟಿಯಿಲ್ಲ. ಡೊಂಬಿವಲಿಯಿಂದ ದಿನವೂ ಲೋಕಲ್ ಹತ್ತುವ ನಾವು ಮುಂಬ್ರಾ ದಾಟಿದ ಮೇಲೆ ಖಾಡಿಯನ್ನು ನೋಡುತ್ತೇವೆ ಎನ್ನುವುದಕ್ಕಿಂತ, ಬಾಗಿಲಲ್ಲಿ ಜೋತುಬಿದ್ದ ನಮ್ಮನ್ನು ಖಾಡಿಯೇ ನೋಡುತ್ತದೆ ಎನ್ನುವುದು ಸರಿ. 1853ರಲ್ಲಿ ಠಾಣೆಗೂ 1854ರಲ್ಲಿ ಕಲ್ಯಾಣಕ್ಕೂ ರೈಲು ಬರುವ ಮೊದಲು ಈ ಊರುಗಳಿಗೆಲ್ಲ ನೀರೇ ರಾಜಮಾರ್ಗವಾಗಿತ್ತು. ಕಲ್ಯಾಣವಂತೂ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಹೆಸರು ಕಂಡ ಬಂದರು. ಶಿವಾಜಿ ಮಹಾರಾಜರು 1657ರಲ್ಲಿ ಅದನ್ನು ಗೆದ್ದ ಬಳಿಕ ಹಡಗುಗಳನ್ನು ಕಟ್ಟಿಸಲು ತೊಡಗಿದ್ದು ಇದೇ ಖಾಡಿಯ ದಂಡೆಯಲ್ಲಿ. ಈಗ ಡೊಂಬಿವಲಿಯವರಿಗೆ ಮೋಟಾಗಾಂವ್ ರೇತಿಬಂದರಿನ ನೆನಪಾಗುವುದು ಗಣಪತಿ ವಿಸರ್ಜನೆಯ ದಿನ ಮಾತ್ರ.

ಈ ಪೀಠಿಕೆಗೆ ಕಾರಣವುಂಟು. ನಮ್ಮ ಬಳಗದ ನಾಲ್ವರು ತರುಣರು ಸೇರಿ, ಸಮಪಾಲು ಹಣ ಹಾಕಿ, ಹಳೆಯದೊಂದು ಮೋಟಾರು ದೋಣಿ ಕೊಳ್ಳುವ ವಿಚಾರದಲ್ಲಿದ್ದಾರೆ. ನಾಲ್ವರೂ ಸಂಸಾರವಂದಿಗರು; ಒಬ್ಬರಂತೂ ಭವಿಷ್ಯನಿಧಿಯಿಂದ ಮುಂಗಡ ತೆಗೆಯುವ ಅರ್ಜಿಯನ್ನು ನಮ್ಮಿಂದಲೇ ಬರೆಸಿಕೊಂಡರು. ಕಚೇರಿಯಲ್ಲಿ ಕಡತ ಕಟ್ಟುವ ನಮ್ಮನ್ನು ದೋಣಿಯ ವಿಷಯದಲ್ಲಿ ಕೇಳಲು ಒಂದೇ ಒಂದು ಆಧಾರ: ನಮ್ಮ ಊರು ಗಂಗೊಳ್ಳಿಯ ಕಡೆ, ನಮ್ಮ ಭಾವ ಅಲ್ಲಿ ಔಟ್‌ಬೋರ್ಡು ಇಂಜಿನಿನ ನಾಡದೋಣಿ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಮೀನು ಹಿಡಿಯುತ್ತಿದ್ದಾರೆ. ಆದ್ದರಿಂದ ಇಲ್ಲಿ ಬರೆದದ್ದರಲ್ಲಿ ಅರ್ಧ ಪುಸ್ತಕ ಓದಿ ತಿಳಿದದ್ದು, ಅರ್ಧ ಭಾವನಿಂದ ಕೇಳಿದ್ದು.

ತರುಣರು ಕಣ್ಣಿಟ್ಟಿರುವ ದೋಣಿಗೆ ‘ಬೌರೈಡರ್’ ಎಂದು ಹೆಸರು. ಸಾಧಾರಣ ಮೋಟಾರು ದೋಣಿಗಳ ಮೂತಿಯ ಭಾಗ ಹಲಗೆ ಮುಚ್ಚಿಕೊಂಡಿರುತ್ತದೆ. ಇದರಲ್ಲಿ ಅದನ್ನು ತೆರೆದು ಮೆತ್ತೆ ಹಾಕಿ ಇಬ್ಬರೋ ಮೂವರೋ ಗಾಳಿಗೆ ಮುಖವೊಡ್ಡಿ ಕುಳಿತುಕೊಳ್ಳುವಂತೆ ಮಾಡಿದ್ದಾರೆ. ನಡುವೆ ಗಾಳಿ ತಡೆಯುವ ಗಾಜು, ಅದರ ಹಿಂದೆ ಚಾಲಕ. ಉದ್ದ ಹದಿನೇಳರಿಂದ ಇಪ್ಪತ್ತೆರಡು ಅಡಿ, ಆರೆಂಟು ಜನಕ್ಕೆ ಜಾಗ. ಅಮೆರಿಕದ ಸಿಹಿನೀರಿನ ಸರೋವರಗಳಲ್ಲಿ ಬೇಸಗೆಯ ರಜೆ ಕಳೆಯುವ ಕುಟುಂಬಗಳ ಮೆಚ್ಚಿನ ದೋಣಿ ಇದು. ಮುಖ್ಯವಾದ ಮಾತು ಇಲ್ಲೇ ಇದೆ: ಅದು ಸಿಹಿನೀರು, ನಮ್ಮದು ಉಪ್ಪುನೀರು.

ಇಂಜಿನು ಎರಡು ಬಗೆ. ಒಂದು, ಕಾರಿನ ಇಂಜಿನನ್ನೇ ನೀರಿಗೆ ಒಗ್ಗಿಸಿ ದೋಣಿಯ ಹೊಟ್ಟೆಯೊಳಗೆ ಕೂರಿಸಿ, ಹಿಂಬದಿಯ ಹಲಗೆಯನ್ನು ಕೊರೆದು ಪ್ರೊಪೆಲ್ಲರಿನ ಕಾಲನ್ನು ಹೊರಗೆ ಇಳಿಬಿಟ್ಟದ್ದು. ಇದಕ್ಕೆ ಸ್ಟರ್ನ್‌ಡ್ರೈವ್ ಎನ್ನುತ್ತಾರೆ. ಸ್ವೀಡನ್ನಿನ ವೋಲ್ವೊ ಪೆಂಟಾ ಕಂಪನಿ 1959ರಲ್ಲಿ ಮಾರುಕಟ್ಟೆಗೆ ತಂದು ಹೆಸರು ಮಾಡಿತು. ಇನ್ನೊಂದು, ಇಡೀ ಇಂಜಿನನ್ನೇ ದೋಣಿಯ ಹಿಂದೆ ತೂಗುಹಾಕಿದ ಔಟ್‌ಬೋರ್ಡು. ಇದನ್ನು ಜನಸಾಮಾನ್ಯರ ಕೈಗೆ ತಂದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್ರೂಡ್. ವನಭೋಜನದ ದಿನ ಪ್ರೇಯಸಿಗಾಗಿ ಐಸ್‌ಕ್ರೀಂ ತರಲು ಸರೋವರದಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಬರುವಷ್ಟರಲ್ಲಿ ಅದು ಕರಗಿ ನೀರಾಯಿತೆಂದೂ, ಆ ಬೇಸರದಿಂದಲೇ ಈ ಯಂತ್ರ ಹುಟ್ಟಿತೆಂದೂ ಕಥೆ. ಕಥೆ ಹೇಗಾದರೂ ಇರಲಿ, 1909ರಲ್ಲಿ ಕಂಪನಿ ಕಟ್ಟಿದ್ದು ನಿಜ. ಆ ಹೆಸರಿನ ಔಟ್‌ಬೋರ್ಡುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಇಂದು ಗಂಗೊಳ್ಳಿ, ಮಲ್ಪೆಗಳ ನಾಡದೋಣಿಗಳ ಹಿಂದೆ ಕಾಣುವುದು ಜಪಾನೀ ಯಂತ್ರಗಳು.

ನಮ್ಮ ಅಭಿಪ್ರಾಯ ಔಟ್‌ಬೋರ್ಡಿನ ಕಡೆಗೆ. ಬಂದರಿಗೆ ಬಂದೊಡನೆ ಅದನ್ನು ಮೇಲಕ್ಕೆತ್ತಿ ನೀರಿನಿಂದ ಪೂರ್ತಿ ಹೊರಗಿಡಬಹುದು. ಸ್ಟರ್ನ್‌ಡ್ರೈವಿನ ಕಾಲು ಪೂರ್ತಿ ಮೇಲೇಳದು. ಮೇಲಾಗಿ ಅದು ಹಲಗೆಯನ್ನು ದಾಟುವಲ್ಲಿ ರಬ್ಬರಿನ ತಿದಿಯೊಂದಿರುತ್ತದೆ. ವಯಸ್ಸಾದ ರಬ್ಬರು ಬಿರುಕು ಬಿಟ್ಟರೆ, ಕಟ್ಟಿದ ದೋಣಿ ಕಟ್ಟಿದಲ್ಲೇ ಮುಳುಗುತ್ತದೆ. ಅಲ್ಲದೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಇಂಜಿನು ಹೊಟ್ಟೆಯೊಳಗಿದ್ದರೆ ಸೋರಿದ ಆವಿ ಹೊರಗೆ ಹೋಗದೆ ತಳದಲ್ಲಿ ಕುಳಿತಿರುತ್ತದೆ; ಕೀಲಿ ತಿರುಗಿಸಿದ ಕಿಡಿಯೊಂದು ಸಾಕು. ಅದಕ್ಕೇ ಅಂಥ ದೋಣಿಯಲ್ಲಿ ಗಾಳಿ ಹೊರಹಾಕುವ ಬ್ಲೋವರನ್ನು ನಾಲ್ಕು ನಿಮಿಷ ಓಡಿಸಿ, ಮೂಸಿ ನೋಡಿ, ಆಮೇಲೆ ಚಾಲೂ ಮಾಡತಕ್ಕದ್ದು. ನಾಲ್ಕು ನಿಮಿಷವೆಂದರೆ ನಾಲ್ಕೇ ನಿಮಿಷ; ನಮ್ಮ ಲೋಕಲಿನವರ ನಾಲ್ಕು ನಿಮಿಷವಲ್ಲ.

ಭಾವನ ಮಾತು ಒಂದುಂಟು. ಹಿಂದೊಮ್ಮೆ ದೀಪಾವಳಿಯ ರಜೆಯಲ್ಲಿ ಅವರ ದೋಣಿಯಲ್ಲಿ ಹೋಗಿದ್ದೆವು. ಪಂಚಗಂಗಾವಳಿಯ ನೀರೆಲ್ಲ ಕೂಡಿ ಕಡಲಿಗೆ ಬೀಳುವ ಅಳಿವೆ ಅದು. ಶಾಂತವಾದ ದಿನವೂ ಅಲೆ ಅಲ್ಲಿ ಎದ್ದು ಒಡೆಯುತ್ತದೆ. ಮರಳಿ ಬರುವಾಗ ಅಳಿವೆ ಇನ್ನೇನು ಎರಡು ಫರ್ಲಾಂಗಿದೆ ಎನ್ನುವಾಗ ಭಾವ ಇದ್ದಕ್ಕಿದ್ದಂತೆ ಇಂಜಿನು ನಿಲ್ಲಿಸಿದರು. ನಮಗೆ ಏನೂ ತೋಚಲಿಲ್ಲ. ಶಬ್ದ ಸರಿಯಾಗಿಯೇ ಇತ್ತು. ಅವರು ನೋಡುತ್ತಿದ್ದದ್ದು ಇಂಜಿನಿನ ಬಗಲಿನಿಂದ ಚಿಮ್ಮುವ ಸಣ್ಣ ನೀರಿನ ಧಾರೆಯನ್ನು. ಅದು ಸೊರಗಿತ್ತು. ಇಬ್ಬರು ಹುಟ್ಟು ಹಿಡಿದು ದೋಣಿಯ ಮೂತಿಯನ್ನು ಅಲೆಗೆ ನೇರವಾಗಿಟ್ಟರು. ಭಾವ ಇಂಜಿನು ಎತ್ತಿ, ನೀರು ಹೀರುವ ಜಾಲರಿಗೆ ಅಂಟಿದ್ದ ಪ್ಲಾಸ್ಟಿಕ್ ಚೀಲವನ್ನು ಕಿತ್ತು ತೆಗೆದರು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ನಮ್ಮ ಅಕ್ಕನ ಮಗಳು ನಮ್ಮ ಕೈಯನ್ನು ಬಿಟ್ಟಿರಲಿಲ್ಲ. ದಡಕ್ಕೆ ಬಂದ ಮೇಲೆ ಭಾವ ಹೇಳಿದರು: “ಇಂಜಿನು ಸಮುದ್ರದಗೆ ಹಾಳಾತಿಲ್ಲ ಮಾರಾಯ, ದಡದಗೇ ಹಾಳಾತ್ತ್. ಸಮುದ್ರದಗೆ ಗೊತ್ತಾತ್ತ್, ಅಷ್ಟೇ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾರಿನ ಇಂಜಿನಿಗೆ ತಂಪು ಕೊಡುವ ನೀರು ಅದರ ರೇಡಿಯೇಟರಿನಲ್ಲಿಯೇ ಸುತ್ತುತ್ತದೆ. ಔಟ್‌ಬೋರ್ಡು ಹಾಗಲ್ಲ; ಖಾಡಿಯ ನೀರನ್ನೇ ಹೀರಿ, ಮೈಯೊಳಗೆಲ್ಲ ಹಾಯಿಸಿ, ಹೊರಗೆ ಚೆಲ್ಲುತ್ತದೆ. ಹೀರುವುದು ಒಂದು ಪುಟ್ಟ ರಬ್ಬರಿನ ಚಕ್ರ, ಇಂಪೆಲ್ಲರ್ ಎನ್ನುತ್ತಾರೆ. ಅದಕ್ಕೆ ನೀರೇ ಎಣ್ಣೆ. ನೀರಿಲ್ಲದೆ ದಡದಲ್ಲಿ ‘ಚಾಲೂ ಆಗುತ್ತದೋ ನೋಡೋಣ’ ಎಂದು ಒಂದು ನಿಮಿಷ ಓಡಿಸಿದರೂ ಅದರ ರೆಕ್ಕೆಗಳು ಸುಟ್ಟು ಹರಿಯುತ್ತವೆ. ಹರಿದದ್ದು ಆಗ ಗೊತ್ತಾಗದು, ಅಳಿವೆಯಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಧಾರೆ ಕಾಣದಿದ್ದರೆ ಮೊದಲು ನಿಲ್ಲಿಸುವುದು, ಆಮೇಲೆ ಯೋಚಿಸುವುದು. ನಮ್ಮ ಉಲ್ಹಾಸದ ಖಾಡಿಯಲ್ಲಿ ಪ್ಲಾಸ್ಟಿಕ್ಕಿಗೆ ಬರವಿಲ್ಲವೆಂಬುದು ವಾಚಕರಿಗೆ ತಿಳಿಯದ್ದೇನಲ್ಲ.

ಎರಡನೆಯ ಶತ್ರು ಉಪ್ಪು. ಪ್ರತಿಸಲ ಬಂದ ಮೇಲೆ ಸಿಹಿನೀರಿನ ಕೊಳವೆ ಜೋಡಿಸಿ ಹತ್ತು ನಿಮಿಷ ಇಂಜಿನಿನ ಒಡಲನ್ನು ತೊಳೆಯಬೇಕು. ಇಲ್ಲವಾದರೆ ಒಳಗಿನ ನಾಳಗಳಲ್ಲಿ ಉಪ್ಪು ಗಟ್ಟಿಯಾಗಿ ಕೂತು, ಒಂದೆರಡು ವರ್ಷದಲ್ಲಿ ದಾರಿ ಮುಚ್ಚುತ್ತದೆ. ಇಂಜಿನಿನ ಕಾಲಿಗೆ ಸತುವಿನ ಅಥವಾ ಅಲ್ಯುಮಿನಿಯಮ್ಮಿನ ತುಂಡೊಂದನ್ನು ಬಿಗಿದಿರುತ್ತಾರೆ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಕೂಡಿದಾಗ ಅದು ತಾನು ಸವೆದು ಉಳಿದವನ್ನು ಕಾಯುತ್ತದೆ. ಅರ್ಧ ಸವೆದೊಡನೆ ಬದಲಿಸಬೇಕು. ಅಂದಕ್ಕೆಂದು ಅದರ ಮೇಲೆ ಬಣ್ಣ ಬಳಿದರೆ ಅದು ಇದ್ದೂ ಇಲ್ಲದಂತೆ. ಮನೆಯಲ್ಲಿ ಎಲ್ಲರ ಸಿಟ್ಟನ್ನೂ ತಾನು ನುಂಗಿಕೊಳ್ಳುವ ಹಿರಿಯರೊಬ್ಬರು ಇರುತ್ತಾರಲ್ಲ, ಹಾಗೆ.

ಮೂರನೆಯದು ಎಣ್ಣೆಯ ವಿಷಯ. ಭಾವನ ಇಂಜಿನು ಸೀಮೆಎಣ್ಣೆಯದು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರುತ್ತಾರೆ. ಇಲ್ಲವಾದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ತಣ್ಣಗಿನ ಇಂಜಿನು ಏಳುವುದಿಲ್ಲ. ನಮ್ಮ ತರುಣರ ದೋಣಿ ಪೆಟ್ರೋಲಿನದಾದರೂ ಕಷ್ಟ ಬೇರೊಂದಿದೆ. ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಇಥೆನಾಲು. ಹೆಚ್ಚಿನ ಔಟ್‌ಬೋರ್ಡು ತಯಾರಕರು ತಮ್ಮ ಕೈಪಿಡಿಯಲ್ಲಿ ಒಪ್ಪುವುದು 10 ಪಾಲಿನವರೆಗೆ. ಇಥೆನಾಲು ಗಾಳಿಯ ತೇವವನ್ನು ಹೀರುತ್ತದೆ. ಹೆಚ್ಚು ಹೀರಿದರೆ ನೀರಿನೊಡನೆ ಬೇರ್ಪಟ್ಟು ಟಾಂಕಿಯ ತಳಕ್ಕಿಳಿಯುತ್ತದೆ. ದಿನವೂ ಓಡುವ ಸ್ಕೂಟರಿಗೆ ಈ ತೊಂದರೆ ಕಡಿಮೆ. ತಿಂಗಳಿಗೊಮ್ಮೆ ಓಡುವ ದೋಣಿಯ ಟಾಂಕಿಯಲ್ಲಿ, ಅದೂ ನಮ್ಮ ಮಳೆಗಾಲದ ತೇವದಲ್ಲಿ, ಪೆಟ್ರೋಲು ಹಳಸುತ್ತದೆ. ಟಾಂಕಿಗೂ ಇಂಜಿನಿಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರು ಇರಲೇಬೇಕು. ಉಳಿದ ಪೆಟ್ರೋಲನ್ನು ದೋಣಿಯಲ್ಲಿ ಬಿಡದೆ ಸ್ಕೂಟರಿಗೆ ಸುರಿದುಕೊಳ್ಳುವುದು ಜಾಣತನ.

ಇಂಜಿನು ಏಳದಿದ್ದರೆ ಎಲ್ಲರೂ ಒಮ್ಮೆಗೇ ಸ್ಪ್ಯಾನರು ಹಿಡಿಯುವುದುಂಟು. ಕಡತದಲ್ಲಿ ಮೇಲಿನ ಹಾಳೆಯಿಂದ ಕೆಳಗೆ ಹೋಗುವಂತೆ ಇಲ್ಲಿಯೂ ಕ್ರಮವಿದೆ. ಗೇರು ನ್ಯೂಟ್ರಲಿನಲ್ಲಿದೆಯೇ? ಚಾಲಕನ ಮಣಿಕಟ್ಟಿಗೆ ಕಟ್ಟುವ ಕೆಂಪು ದಾರದ ಕ್ಲಿಪ್ಪು ಅದರ ಜಾಗದಲ್ಲಿದೆಯೇ? ಚಾಲಕ ನೀರಿಗೆ ಬಿದ್ದರೆ ಇಂಜಿನು ತಾನೇ ನಿಲ್ಲಲಿ ಎಂದು ಅದನ್ನು ಇಟ್ಟಿರುವುದು. ಟಾಂಕಿಯ ಗಾಳಿ ಬಿರಡೆ ತೆರೆದಿದೆಯೇ? ಎಣ್ಣೆ ಕೊಳವೆಯ ರಬ್ಬರು ಗುಂಡು ಹಿಸುಕಿದಾಗ ಗಟ್ಟಿಯಾಗುತ್ತದೆಯೇ? ಬ್ಯಾಟರಿಯ ತುದಿಗಳಲ್ಲಿ ಹಸಿರು ಕಿಲುಬು ಇದೆಯೇ? ಇಷ್ಟರಲ್ಲೇ ಬಹಳ ರೋಗಗಳು ಸಿಕ್ಕಿಬೀಳುತ್ತವೆ. ಆಮೇಲೆ ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಬಣ್ಣ ನೋಡುವುದು: ಕಂದಾದರೆ ಕ್ಷೇಮ, ಕರಿ ಮಸಿಯಾದರೆ ಎಣ್ಣೆ ಹೆಚ್ಚು, ಬಿಳಿಚಿದ್ದರೆ ಇಂಜಿನು ಅತಿಯಾಗಿ ಕಾಯುತ್ತಿದೆ. ಇಂಜಿನು ಬೊಬ್ಬೆ ಹೊಡೆಯುತ್ತಿದ್ದರೂ ದೋಣಿ ಮುಂದೆ ಹೋಗದಿದ್ದರೆ ಪ್ರೊಪೆಲ್ಲರಿನೊಳಗಿನ ರಬ್ಬರು ಬುಷ್ ಜಾರುತ್ತಿದೆ ಎಂದು ತಿಳಿಯಬೇಕು.

ಇನ್ನು ಟ್ಯೂನಿಂಗ್. ತರುಣರು ಈ ಶಬ್ದವನ್ನು ವೇಗ ಹೆಚ್ಚಿಸುವುದು ಎಂಬ ಅರ್ಥದಲ್ಲಿ ಬಳಸುತ್ತಾರೆ. ನಮಗೆ ತಿಳಿದ ಮಟ್ಟಿಗೆ, ದೋಣಿಯ ಟ್ಯೂನಿಂಗಿನಲ್ಲಿ ಮುಕ್ಕಾಲು ಪಾಲು ಪ್ರೊಪೆಲ್ಲರಿನದು. ಅದರ ಮೇಲೆ ಎರಡು ಅಂಕೆಗಳಿರುತ್ತವೆ: ವ್ಯಾಸ ಮತ್ತು ಪಿಚ್. ಸ್ಕ್ರೂ ಮರದೊಳಗೆ ಇಳಿಯುವಂತೆ ಒಂದು ಸುತ್ತಿಗೆ ಎಷ್ಟು ಅಂಗುಲ ಮುಂದೆ ಹೋಗಬೇಕೆಂಬ ಲೆಕ್ಕವೇ ಪಿಚ್. ಎಂದಿನಷ್ಟು ಜನ ಕುಳಿತು, ತೆರೆದ ನೀರಿನಲ್ಲಿ ಥ್ರಾಟಲು ಪೂರ್ತಿ ತೆರೆದಾಗ ನಿಮಿಷಕ್ಕೆ ಎಷ್ಟು ಸುತ್ತು ಬರುತ್ತದೆ ಎಂದು ನೋಡುವುದು. ತಯಾರಕರು 5000ದಿಂದ 6000 ಎಂದಿದ್ದು, ಮುಳ್ಳು 4600ರಲ್ಲೇ ನಿಂತರೆ ಪಿಚ್ ಹೆಚ್ಚಾಯಿತು. ಏರುದಾರಿಯಲ್ಲಿ ಟಾಪ್ ಗೇರಿನಲ್ಲಿ ಎಳೆಯುವಂತೆ ಇಂಜಿನು ತೇಕುತ್ತಿದೆ. ಪಿಚ್ ಒಂದಂಗುಲ ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ಆಮೇಲೆ ಇಂಜಿನಿನ ಕಾಲಿನ ಓರೆ. ಹೊರಡುವಾಗ ಒಳಕ್ಕೆ ಒತ್ತಿಟ್ಟು, ದೋಣಿ ನೀರಿನ ಮೇಲೆದ್ದು ಜಾರತೊಡಗಿದ ಬಳಿಕ ಮೆಲ್ಲನೆ ಹೊರಕ್ಕೆ ಬಿಡುವುದು. ಮೂತಿ ಕುಪ್ಪಳಿಸತೊಡಗಿದರೆ ಮತ್ತೆ ಒಳಕ್ಕೆ. ಬೌರೈಡರಿನ ಮುಂದಿನ ಮೆತ್ತೆಯಲ್ಲಿ ಮೂವರು ದಪ್ಪ ಮನುಷ್ಯರು ಕುಳಿತಿದ್ದರೆ ಈ ಯಾವ ಉಪಾಯವೂ ನಡೆಯದು. ಅಲೆ ಬಂದಾಗ ತೆರೆದ ಮೂತಿಯೊಳಗೆ ನೀರು ನುಗ್ಗುತ್ತದೆ. ಖಾಡಿಯ ಬಾಯಿ ದಾಟಿ ಕಡಲಿಗೆ ಹೋಗುವ ಮಾತನ್ನು ಈ ದೋಣಿಯಲ್ಲಿ ಎತ್ತಲೇಬಾರದು.

2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ನೀಲಕಮಲ ಎಂಬ ಲಾಂಚಿಗೆ ನೌಕಾಪಡೆಯ ವೇಗದ ದೋಣಿಯೊಂದು ಬಡಿದು ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡದ್ದನ್ನು ನಾವಾರೂ ಮರೆತಿಲ್ಲ. ಆ ದೋಣಿ ಇಂಜಿನಿನ ಪರೀಕ್ಷೆಯಲ್ಲಿತ್ತು, ಹಿಡಿತ ತಪ್ಪಿತು. ಆಮೇಲೆ ಲಾಂಚಿನ ಪ್ರಯಾಣಿಕರಿಗೆ ಜೀವರಕ್ಷಕ ಜಾಕೀಟು ಕಡ್ಡಾಯವಾಯಿತು. ಆದ್ದರಿಂದ ಹೊಸದಾಗಿ ಬಿಗಿದ ಯಂತ್ರವನ್ನು ಪರೀಕ್ಷಿಸುವಾಗ ಜನರಿಲ್ಲದ ನೀರು, ಕನಿಷ್ಠ ಜನ, ಎಲ್ಲರ ಮೈಮೇಲೂ ಜಾಕೀಟು. ಮಕ್ಕಳನ್ನು ಆ ದಿನ ಕರೆದೊಯ್ಯುವುದು ಬೇಡವೇ ಬೇಡ.

ಲೆಕ್ಕ ಹೇಳದೆ ಗುಮಾಸ್ತನ ಲೇಖನ ಮುಗಿಯದು. ಪೂರ್ತಿ ವೇಗದಲ್ಲಿ 150 ಅಶ್ವಶಕ್ತಿಯ ಪೆಟ್ರೋಲ್ ಇಂಜಿನು ಗಂಟೆಗೆ 50 ಲೀಟರಿಗೂ ಮೇಲೆ ಕುಡಿಯುತ್ತದೆ. ಲೀಟರಿಗೆ ನೂರು ರೂಪಾಯಿ ಹಿಡಿದರೂ ಗಂಟೆಗೆ 5000. ನಿಧಾನವಾಗಿ ಹೋದರೆ ಅದರರ್ಧ. ಮೊದಲ 20 ಗಂಟೆಗೊಮ್ಮೆ, ಮುಂದೆ 100 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಸರ್ವಿಸು. 1917ರ ಕಾಯಿದೆಯ ಜಾಗದಲ್ಲಿ ಬಂದ 2021ರ ಒಳನಾಡು ನೌಕೆಗಳ ಕಾಯಿದೆಯಂತೆ ಯಂತ್ರದ ದೋಣಿಗೆ ನೋಂದಣಿ ಬೇಕು. ಇಲ್ಲಿ ಆ ವ್ಯವಹಾರ ಮಹಾರಾಷ್ಟ್ರ ಮ್ಯಾರಿಟೈಮ್ ಬೋರ್ಡಿನ ಕಡೆಗೆ. ಮಳೆಗಾಲದ ನಾಲ್ಕು ತಿಂಗಳು ದೋಣಿ ದಡದಲ್ಲೇ. ಎಲ್ಲಿ? ಸ್ಕೂಟರ್ ನಿಲ್ಲಿಸಲು ಜಗಳವಾಡುವ ನಮ್ಮ ಸೊಸೈಟಿಗಳ ಅಂಗಳದಲ್ಲಂತೂ ಅಲ್ಲ. ಈ ಬಾಡಿಗೆಯನ್ನು ತರುಣರು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ನಾವು ಕೂಡಿಸಿ ತೋರಿಸಿದ ಮೇಲೆ ನಾಲ್ವರಲ್ಲಿ ಒಬ್ಬರು ಹಿಂದೆ ಸರಿದರು. ಅರ್ಜಿ ಬರೆಸಿದವರು ಮಾತ್ರ ಸರಿಯಲಿಲ್ಲ.

ಉಳಿದ ಮೂವರು ನೋಡಲಿರುವ ದೋಣಿ ಬೇಲಾಪುರದ ಕಡೆ ಇದೆ. ಮಾಲಿಕರು ಇಂಜಿನು ಓಡಿಸಿ ತೋರಿಸುತ್ತಾರಂತೆ. ಭಾವನನ್ನು ಫೋನಿನಲ್ಲಿ ಕೇಳಿದಾಗ, ಓಡಿಸುವ ಮೊದಲು ಗೇರು ಪೆಟ್ಟಿಗೆಯ ಕೆಳಗಿನ ಸ್ಕ್ರೂ ಬಿಚ್ಚಿ ನಾಲ್ಕು ಹನಿ ಎಣ್ಣೆ ಕೈಗೆ ಹಾಕಿಕೊಳ್ಳಿ ಎಂದರು. ಜೇನಿನಂತಿದ್ದರೆ ಮುಂದಿನ ಮಾತು. ಹಾಲು ಹಾಕಿದ ಕಾಫಿಯಂತಿದ್ದರೆ ಸೀಲು ಹೋಗಿ ನೀರು ಒಳಗೆ ಸೇರಿದೆ. ಹಿಂಬದಿಯ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಬೇಕು, ಟೊಳ್ಳು ಸದ್ದು ಬಂದಲ್ಲಿ ಒಳಗಿನ ಮರ ಕೊಳೆತಿದೆ. ಬರುವ ತಿಂಗಳು ಭಾವ ಮಗಳ ಕಾಲೇಜಿನ ಕೆಲಸಕ್ಕೆ ಡೊಂಬಿವಲಿಗೆ ಬರುವವರಿದ್ದಾರೆ. ಅಲ್ಲಿಯತನಕ ಮುಂಗಡ ಕೊಡಬೇಡಿರೆಂದು ಮೂವರಿಗೂ ಹೇಳಿದ್ದೇವೆ. ಸ್ಪ್ಯಾನರು ತಾವೇ ತರುತ್ತಾರಂತೆ.