ಬೆಳಗಾವಿ, ಖಾನಾಪುರದ ಕಡೆಗೆ ನಾಲ್ಕು ದಿನ

ಕಾಫಿ ಕೊಯ್ಲು ಮುಗಿದು, ಅಡಿಕೆ ಮಂಡಿ ಸೇರಿ, ಹೂಮಳೆಗಾಗಿ ಮುಗಿಲು ನೋಡುತ್ತ ಕೂರುವ ನಾಲ್ಕು ದಿನಗಳೇ ನಮ್ಮಂಥವರಿಗೆ ಬಿಡುವು. ಆಗಲೂ ತೋಟ ಬಿಟ್ಟು ಹೊರಟರೆ ಮನಸ್ಸು ಪಂಪ್‌ಸೆಟ್ಟಿನ ಹತ್ತಿರವೇ ಸುಳಿಯುತ್ತಿರುತ್ತದೆಂಬುದು ಸದಸ್ಯ ಬಾಂಧವರಿಗೆ ತಿಳಿಯದ್ದಲ್ಲ. ಆದರೂ ಹೊರಟೆವು.

ಬೆಳಗಾವಿಯ ಕೋಟೆಯೊಳಗೆ ಕಮಲ ಬಸದಿಯಿದೆ. ರಟ್ಟರ ಮಂತ್ರಿ ಬೀಚಿರಾಜ 13ನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ಮಂಟಪದ ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ನೋಡುತ್ತ ನಿಂತರೆ ಕತ್ತು ನೋಯುವುದು ಆಮೇಲೆಯೇ ತಿಳಿಯುವುದು. ಟಿಳಕವಾಡಿಯಲ್ಲಿ 1924ರ ಕಾಂಗ್ರೆಸ್ ಅಧಿವೇಶನ ನಡೆದ ಸ್ಥಳವನ್ನೂ ನೋಡಿದೆವು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಅಧಿವೇಶನ ಅದೊಂದೇ. ಬಂದ ಜನರ ನೀರಿಗಾಗಿ ಆಗ ತೋಡಿದ ಬಾವಿ ಅಲ್ಲಿದೆ. ಬಾವಿ ಕಂಡು ಇಣುಕದೆ ಹೋಗುವ ಕೃಷಿಕನುಂಟೇ? ಕುಂದಾ ಕಟ್ಟಿಸಿಕೊಂಡು ಖಾನಾಪುರದ ಬಸ್ಸು ಹತ್ತಿದೆವು.

ಅಲ್ಲಿಂದ ಮುಂದೆ ಹಲಸಿ. ಇಂದು ಸಣ್ಣ ಊರು. ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ಹೆಸರಿನ ಎರಡನೆಯ ರಾಜಧಾನಿ. ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಈ ಊರಲ್ಲಿ ಸಿಕ್ಕ ತಾಮ್ರಪಟಗಳ ಸಂಗತಿ ನಮಗೆ ಗುಡಿಗಿಂತ ಹೆಚ್ಚು ರುಚಿಸಿತು. ಕದಂಬ ಕಾಕುಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಒಂದು ಹೊಲವನ್ನು ಕೊಟ್ಟದ್ದು ಅದರಲ್ಲಿ ದಾಖಲಾಗಿದೆ. 5ನೆಯ ಶತಮಾನದ ಪಹಣಿ ಎನ್ನೋಣ. ನಮ್ಮ ಪಹಣಿಗಳು ಹತ್ತು ವರ್ಷಕ್ಕೇ ಹರಿದು ಹೋಗುತ್ತವೆ!

ಹಲಸಿಯಿಂದ ಹಿಂದಿರುಗುವಾಗ ನಂದಗಡದಲ್ಲಿ ಇಳಿದೆವು. ಸಂಗೊಳ್ಳಿ ರಾಯಣ್ಣನ ಸಮಾಧಿ ಇಲ್ಲಿದೆ. ಶಾಲೆಯಲ್ಲಿ ನಾವು ಓದಿದ್ದು ಕತ್ತಿ ಹಿಡಿದ ವೀರನ ಕಥೆ. ಆದರೆ ಕಿತ್ತೂರು ಬ್ರಿಟಿಷರ ವಶವಾದ ಮೇಲೆ ಅವನ ಮನೆತನದ ಜಮೀನನ್ನು ಕಸಿದುಕೊಂಡು, ಉಳಿದ ತುಂಡಿಗೆ ಭಾರೀ ಕಂದಾಯ ಹೇರಿದ್ದರೆಂಬುದು ಆ ಮರದಡಿ ಕುಳಿತಾಗ ಬೇರೆಯಾಗಿಯೇ ಕೇಳಿಸಿತು. ಅವನ ದಂಡು ಸರ್ಕಾರಿ ಕಚೇರಿಗಳಿಗೆ ಬೆಂಕಿಯಿಟ್ಟದ್ದು ಏಕೆಂದು ಕೃಷಿಕನಿಗೆ ಬಿಡಿಸಿ ಹೇಳಬೇಕಾಗಿಲ್ಲ. 1831ರ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಸಮಾಧಿಯ ಬಳಿ ಒಡನಾಡಿಯೊಬ್ಬ ನೆಟ್ಟ ಸಸಿಯೇ ಈಗಿನ ಆಲದ ಮರವೆಂದು ಜನ ಹೇಳುತ್ತಾರೆ. ಮಕ್ಕಳ ಭಾಗ್ಯ ಬೇಡಿ ತೊಟ್ಟಿಲು ಕಟ್ಟುವವರೂ ಇದ್ದಾರೆ. ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರು, ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಒಂದೆಕರೆ ತೋಟ ಕಳೆದುಕೊಂಡವರು, ಎದ್ದು ಬರಲು ಬಹಳ ಹೊತ್ತು ಹಿಡಿಯಿತು. ನಾವೂ ಅವಸರ ಮಾಡಲಿಲ್ಲ.

ಕೊನೆಯ ದಿನ ಜಾಂಬೋಟಿ ಮಾರ್ಗವಾಗಿ ಕಣಕುಂಬಿಗೆ ಹೋದೆವು. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಹುಟ್ಟುವುದು ಇಲ್ಲಿಯೇ. ನವಿಲುತೀರ್ಥದ ಅಣೆಕಟ್ಟನ್ನು ಕಂಡವರು ಈ ಪುಟ್ಟ ಕುಂಡವನ್ನು ನೋಡಿ ನಂಬುವುದು ಕಷ್ಟ.

ಹೋಗುವವರು ಮಳೆಗಾಲ ತಪ್ಪಿಸಿರಿ. ಆ ಕಾಡಿನಲ್ಲಿ ಮಳೆ ನಮ್ಮ ಮಲೆನಾಡಿನಂತೆಯೇ ಬಿಡದೆ ಸುರಿಯುತ್ತದೆ. ಹಳ್ಳಿಗಳಿಗೆ ಬಸ್ಸು ವಿರಳ, ಸಂಜೆಯ ಬಸ್ಸಿನ ಸಮಯವನ್ನು ಬೆಳಿಗ್ಗೆಯೇ ವಿಚಾರಿಸಿಕೊಳ್ಳಿರಿ.