ಕೈಗಡಿಯಾರಕ್ಕೆ ಜಾಲರಿ ಪಟ್ಟಿ

‘ಗಡಿಯಾರ ಕಟ್ಟಿಕೊಂಡೆ’ ಎಂದು ನಾವೆಲ್ಲರೂ ದಿನವೂ ಹೇಳುತ್ತೇವೆ. ಕಟ್ಟುವ ಕೆಲಸವನ್ನು ಮಾಡುವುದು ಮಾತ್ರ ಅದರ ಪಟ್ಟಿ. ಗಡಿಯಾರವನ್ನು ಕೊಳ್ಳುವಾಗ ಅದರ ಮುಖ, ಮುಳ್ಳು, ಅಂಕೆಗಳನ್ನು ಹತ್ತು ಸಲ ತಿರುಗಿಸಿ ನೋಡುವವರು ಪಟ್ಟಿಯ ಮಾತು ಬಂದಾಗ ‘ಯಾವುದಾದರೂ ಒಂದನ್ನು ಹಾಕಿಕೊಡಿ’ ಎಂದುಬಿಡುತ್ತಾರೆ. ಪಟ್ಟಿ ಹರಿದರೆ ಹೊಸ ಪಟ್ಟಿ ತರಬಹುದು; ಪಟ್ಟಿಯ ದೋಷದಿಂದ ಗಡಿಯಾರವೇ ಕೆಳಗೆ ಬಿದ್ದರೆ ಏನು ಮಾಡುವುದು? ಈ ಪ್ರಶ್ನೆಯೇ ನನ್ನ ಲೇಖನಕ್ಕೆ ಕಾರಣ.

ನಮ್ಮ ಕಾಲೇಜಿನ ಅನೇಕ ಮಿತ್ರರ ಕೈಯಲ್ಲಿ ಈಗ ಹಳೆಯ, ಕೀ ಕೊಡುವ ಗಡಿಯಾರಗಳು ಕಾಣಿಸುತ್ತಿವೆ. ತಾತನ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಲಗಿದ್ದವು ರಿಪೇರಿಯಾಗಿ ಮೊಮ್ಮಕ್ಕಳ ಕೈಗೆ ಬಂದಿವೆ. ನನ್ನದೂ ಅಂಥದೇ ಒಂದು. ಇವುಗಳಲ್ಲಿ ಹೆಚ್ಚಿನವು ಎಚ್.ಎಂ.ಟಿ. ಗಡಿಯಾರಗಳು. ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿತು. ಮುಂದೆ ತುಮಕೂರಿನಲ್ಲಿಯೂ ಅದರ ಗಡಿಯಾರ ಕಾರ್ಖಾನೆಯಾಯಿತು. ೨೦೧೬ರಲ್ಲಿ ಕೇಂದ್ರ ಸರ್ಕಾರವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿತು. ಹೀಗಿರಲು, ಆ ಕಾಲದ ಗಡಿಯಾರದ ಕೇಸು ಜಜ್ಜಿಹೋದರೆ ಅದರ ಜೋಡಿಯದೇ ಇನ್ನೊಂದನ್ನು ಹುಡುಕುವುದು ಸುಲಭವಲ್ಲ. ಅದನ್ನು ಕಾಪಾಡಿಕೊಳ್ಳುವ ಹೊಣೆ ಕಟ್ಟಿಕೊಂಡವರದೇ.

ನಮ್ಮ ಹವೆಯಲ್ಲಿ ತೊಗಲಿನ ಪಟ್ಟಿಗೆ ಆಯುಸ್ಸು ಕಡಮೆ. ಬೆವರು ಕುಡಿದು ಕುಡಿದು ಅದು ಮೊದಲು ಕಪ್ಪಾಗುತ್ತದೆ, ಆಮೇಲೆ ನಾರುತ್ತದೆ, ಕೊನೆಗೆ ತೂತಿನ ಬಳಿ ಬಿರಿಯುತ್ತದೆ. ಕೊಂಡಿ ಕೊಂಡಿಯಾಗಿ ಜೋಡಿಸಿದ ಉಕ್ಕಿನ ಚೈನು ಗಟ್ಟಿಯೇನೋ ಹೌದು. ಆದರೆ ಅದನ್ನು ಗಿಡ್ಡ ಮಾಡಬೇಕಾದರೆ ಇಡೀ ಕೊಂಡಿಯನ್ನೇ ತೆಗೆಯಬೇಕು. ಬೀಗದ ತೂತುಗಳಲ್ಲಿ ಅಷ್ಟಿಷ್ಟು ಸರಿಮಾಡಿಕೊಳ್ಳಬಹುದಾದರೂ ಅನೇಕರಿಗೆ ಒಂದು ಕೊಂಡಿ ತೆಗೆದರೆ ಬಿಗಿ, ಇಟ್ಟರೆ ಸಡಿಲ. ಜಾಲರಿ ಪಟ್ಟಿ ಈ ಎರಡು ತೊಂದರೆಗಳಿಗೂ ಉತ್ತರ. ಅದು ಬೆವರನ್ನು ಹೀರುವುದಿಲ್ಲ, ಸಂದುಗಳಲ್ಲಿ ಗಾಳಿಯಾಡುತ್ತದೆ, ಜಾರುವ ಬೀಗವಿರುವುದರಿಂದ ಮಣಿಕಟ್ಟಿನ ಅಳತೆಗೆ ಬೇಕಾದಷ್ಟೇ ಹಿಡಿಸಬಹುದು.

ಜಾಲರಿಯೆಂದ ಮಾತ್ರಕ್ಕೆ ಮೀನಿನ ಬಲೆಯಂತೆ ಗಂಟು ಹಾಕಿದ್ದೆಂದು ತಿಳಿಯಬಾರದು. ಆಟದ ಮೈದಾನದ ಸುತ್ತ ಹಾಕುವ ತಂತಿಯ ಬೇಲಿಯನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಒಂದು ತಂತಿಯ ಸುರುಳಿಯೊಳಕ್ಕೆ ಇನ್ನೊಂದು ಸುರುಳಿಯನ್ನು ತಿರುಪಿನಂತೆ ತಿರುಗಿಸಿ ಸೇರಿಸಿರುತ್ತಾರೆ. ಜಾಲರಿ ಪಟ್ಟಿಯ ತತ್ತ್ವವೂ ಅದೇ. ದಾರದಂಥ ಸಣ್ಣ ತಂತಿಯ ಸುರುಳಿಗಳನ್ನು ಅಡ್ಡಡ್ಡಲಾಗಿ ಒಂದರೊಳಗೊಂದು ಸೇರಿಸಿ, ಒತ್ತಿ ಚಪ್ಪಟೆ ಮಾಡಿ, ಅಂಚಿನಲ್ಲಿ ಬೆಸೆಯುತ್ತಾರೆ. ಆದ್ದರಿಂದಲೇ ಅದು ಕೈಯ ಸುತ್ತ ಬಟ್ಟೆಯಂತೆ ಬಾಗುತ್ತದೆ. ಪಕ್ಕಕ್ಕೆ ಬಾಗಿಸಹೋದರೆ ಬಾಗುವುದಿಲ್ಲ. ಅಂಚಿನ ಬೆಸುಗೆ ಬಿಟ್ಟರೆ ಮಾತ್ರ ತಂತಿಯ ತುದಿ ಹೊರಬಂದು ಮುಳ್ಳಾಗುತ್ತದೆ. ಜಾಲರಿಯ ಬಲವೂ ದೌರ್ಬಲ್ಯವೂ ಅದರ ಅಂಚಿನಲ್ಲಿವೆ ಎಂಬುದನ್ನು ನೆನಪಿಡಬೇಕು.

ಈ ನೇಯ್ಗೆಗೆ ಇಟಲಿಯ ಮಿಲಾನ್ ನಗರದಿಂದ ‘ಮಿಲನೀಸ್’ ಎಂಬ ಹೆಸರು ಬಂದಿದೆ. ಹದಿನೈದನೆಯ ಶತಮಾನದಲ್ಲಿ ಮಿಲಾನ್ ಯೋಧರ ಕವಚಗಳಿಗೆ ಯೂರೋಪಿನಲ್ಲೆಲ್ಲ ಪ್ರಸಿದ್ಧವಾಗಿತ್ತು. ಅದರಿಂದ ಈ ಪಟ್ಟಿಯು ಉಕ್ಕಿನ ಉಂಗುರಗಳ ಕವಚದ ಸಂತಾನವೆಂದು ಹೇಳುವವರುಂಟು. ರಚನೆಯಲ್ಲಿ ಮಾತ್ರ ಎರಡೂ ಬೇರೆ: ಕವಚದಲ್ಲಿ ಒಂದೊಂದು ಉಂಗುರವೂ ಪ್ರತ್ಯೇಕ, ಇಲ್ಲಿ ಉದ್ದುದ್ದನೆಯ ಸುರುಳಿಗಳು. ೧೯೧೪ರಿಂದ ೧೯೧೮ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರು ಗಡಿಯಾರವನ್ನು ಜೇಬಿನಿಂದ ಕೈಗೆ ತಂದುಕೊಂಡ ಮೇಲೆ ಗಂಡಸರಲ್ಲಿ ಕೈಗಡಿಯಾರದ ರೂಢಿ ಹರಡಿತು. ಅದಕ್ಕೆ ತುಸು ಮೊದಲು, ೧೯೧೩ರಲ್ಲಿ, ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯು ಕ್ರೋಮಿಯಂ ಬೆರೆಸಿದ, ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ್ದನು. ಬಂಗಾರ ಬೆಳ್ಳಿಗಳಲ್ಲಿ ಒಡವೆಯಾಗಿದ್ದ ಜಾಲರಿ, ಇಂಥ ಉಕ್ಕು ಬಳಕೆಗೆ ಬಂದ ಮೇಲೆ ಸಾಮಾನ್ಯರ ಕೈಗೂ ಎಟುಕಿತು. ಒಡವೆಯ ಊರೆಂದು ಹೆಸರಾದ ಜರ್ಮನಿಯ ಫೋರ್ಟ್ಸ್‌ಹೈಮ್ ಇಂಥ ಪಟ್ಟಿಗಳ ತಯಾರಿಕೆಗೂ ಪ್ರಸಿದ್ಧವಾಯಿತು.

ಇನ್ನು ಆರಿಸುವ ವಿಷಯ. ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆ ಕಾಣುತ್ತವೆ. ಒಂದು, ಈಗ ಹೇಳಿದ ಸಣ್ಣ ನೇಯ್ಗೆಯದು. ಇನ್ನೊಂದು, ದಪ್ಪ ತಂತಿಯ ಬಿಡಿಬಿಡಿಯಾದ ಬಳೆಗಳಿಂದಾದದ್ದು; ಇದನ್ನು ‘ಶಾರ್ಕ್’ ಜಾಲರಿ ಎನ್ನುತ್ತಾರೆ. ಸಮುದ್ರದೊಳಗೆ ಮುಳುಗುವವರ ಭಾರವಾದ, ದಪ್ಪ ಗಡಿಯಾರಕ್ಕೆ ಅದು ಒಪ್ಪುತ್ತದೆ. ತೆಳ್ಳಗಿನ ಕೀ ಕೊಡುವ ಗಡಿಯಾರಕ್ಕೆ ಅದನ್ನು ಹಾಕಿದರೆ ಕರುವಿನ ಕೊರಳಿಗೆ ಆನೆಯ ಸರಪಳಿ ಕಟ್ಟಿದಂತಾಗುತ್ತದೆ. ಗಡಿಯಾರಕ್ಕಿಂತ ಪಟ್ಟಿ ದಪ್ಪವಾಗಿ ಕಾಣಬಾರದು. ಪಟ್ಟಿಯ ಭಾರಕ್ಕೆ ಗಡಿಯಾರ ಪಕ್ಕಕ್ಕೆ ಜಾರಬಾರದು. ನಮ್ಮ ಹಳೆಯ ಗಡಿಯಾರಗಳಿಗೆ ಸಣ್ಣ ನೇಯ್ಗೆಯೇ ಲೇಸು.

ಲೋಹ ಯಾವುದೆಂದು ಕೇಳಿ ತಿಳಿಯಿರಿ. ಅಗ್ಗದ ಪಟ್ಟಿಗಳಲ್ಲಿ ಕೆಲವು ಹಿತ್ತಾಳೆಯ ಮೇಲೆ ಗಿಲೀಟು ಮಾಡಿದವು. ಉಜ್ಜುವ ಕಡೆ ಗಿಲೀಟು ಹೋಗಿ, ಬೆವರಿಗೆ ಹಸಿರು ಕಿಲುಬು ಏಳುತ್ತದೆ. ತುಕ್ಕು ಹಿಡಿಯದ ಉಕ್ಕಿನಲ್ಲಿಯೂ ತರಗಳುಂಟು. ೩೦೪ ಎಂಬ ತರದಲ್ಲಿ ಸುಮಾರು ನೂರಕ್ಕೆ ೧೮ ಪಾಲು ಕ್ರೋಮಿಯಂ, ೮ ಪಾಲು ನಿಕ್ಕಲ್ ಇರುತ್ತವೆ. ೩೧೬ ಎಲ್ ಎಂಬ ತರದಲ್ಲಿ ಇವುಗಳ ಜೊತೆಗೆ ೨ರಿಂದ ೩ ಪಾಲು ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪಿನಂಶವನ್ನು ಅದು ಹೆಚ್ಚು ತಡೆಯುತ್ತದೆ. ಬೆವರು ಹೆಚ್ಚಾದವರಿಗೂ ಕರಾವಳಿಯವರಿಗೂ ಅದೇ ಉತ್ತಮ. ನಿಕ್ಕಲ್ ತಗಲಿದರೆ ಚರ್ಮ ಕೆಂಪಾಗಿ ತುರಿಸುವವರು ಲೋಹದ ಪಟ್ಟಿಯ ಆಸೆಯನ್ನು ಬಿಡುವುದೇ ಕ್ಷೇಮ. ಅಯಸ್ಕಾಂತ ಹಿಡಿದು ಉಕ್ಕನ್ನು ಪರೀಕ್ಷಿಸುವ ರೂಢಿಯೊಂದಿದೆ. ಅದನ್ನು ಪೂರ್ತಿ ನಂಬಲಾಗದು. ಒಳ್ಳೆಯ ಉಕ್ಕೂ ತಂತಿಯಾಗಿ ಎಳೆಸಿಕೊಂಡಾಗ ಅಯಸ್ಕಾಂತಕ್ಕೆ ಸ್ವಲ್ಪ ಒಲಿಯುತ್ತದೆ.

ಅಂಚಿನ ಪರೀಕ್ಷೆ ಇದಕ್ಕಿಂತ ನಂಬಿಕೆಯದು. ಜೇಬಿನ ಕರವಸ್ತ್ರವನ್ನು ತೆಗೆದು ಪಟ್ಟಿಯ ಎರಡು ಅಂಚುಗಳ ಮೇಲೂ ಹಗುರವಾಗಿ ಎಳೆಯಿರಿ. ಒಂದು ನೂಲು ಸಿಕ್ಕಿಕೊಂಡರೂ ಆ ಪಟ್ಟಿ ಬೇಡ. ಇಂದು ನೂಲು ಹಿಡಿದದ್ದು ನಾಳೆ ಕೈಯ ರೋಮವನ್ನೂ ಅಂಗಿಯ ತೋಳನ್ನೂ ಹಿಡಿಯುತ್ತದೆ. ಆಮೇಲೆ ಪಟ್ಟಿಯನ್ನು ಬೆರಳಿನ ಸುತ್ತ ಸುತ್ತಿ ನೋಡಿ. ಎಲ್ಲಿಯೂ ಮುರಿದಂತೆ ನಿಲ್ಲದೆ ಒಂದೇ ಸಮನಾಗಿ ಬಾಗಬೇಕು.

೨೦೧೫ರಲ್ಲಿ ಆಪಲ್ ಸಂಸ್ಥೆಯು ತನ್ನ ಕೈಗಡಿಯಾರಕ್ಕೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಮಿಲನೀಸ್ ಪಟ್ಟಿಯನ್ನು ಕೊಟ್ಟಿತು. ಅದರ ಮಾದರಿಯವು ಈಗ ಎಲ್ಲ ಅಂಗಡಿಗಳಲ್ಲಿಯೂ ಸಿಗುತ್ತವೆ. ಅವು ಆ ಬಗೆಯ ವಿದ್ಯುತ್ ಗಡಿಯಾರಗಳಿಗೆ ಸರಿ. ಕೀ ಕೊಡುವ ಗಡಿಯಾರದೊಳಗೆ ಕೂದಲೆಳೆಯಂಥ ಒಂದು ಸ್ಪ್ರಿಂಗು ಇದೆ. ಅದರ ಉಸಿರಾಟದಿಂದಲೇ ಕಾಲ ಅಳೆಯುವುದು. ಅಯಸ್ಕಾಂತದ ಗುಣ ಅದಕ್ಕೆ ಹತ್ತಿದರೆ ಸುತ್ತುಗಳು ಒಂದಕ್ಕೊಂದು ಅಂಟಿ, ಸ್ಪ್ರಿಂಗು ಗಿಡ್ಡವಾದಂತಾಗಿ, ಗಡಿಯಾರ ದಿನಕ್ಕೆ ಹಲವು ನಿಮಿಷ ಮುಂದೆ ಓಡುತ್ತದೆ. ಗಡಿಯಾರವನ್ನು ಬಿಚ್ಚಿ ಮೇಜಿನ ಮೇಲಿಡುವಾಗ ಪಟ್ಟಿ ಮಡಿಸಿ ಅಯಸ್ಕಾಂತ ಬೆನ್ನಿಗೇ ಬಂದು ಕೂರುವ ಸಂಭವ ಹೆಚ್ಚು. ಈ ದೋಷವನ್ನು ರಿಪೇರಿಯವರು ಚಿಕ್ಕ ಯಂತ್ರದಿಂದ ಬೇಗನೆ ತೆಗೆಯಬಲ್ಲರು. ಆದರೂ ಹಳೆಯ ಗಡಿಯಾರಕ್ಕೆ ಕೊಕ್ಕೆಯ ಬೀಗವೇ ಸರಿ.

ಅಳತೆಯ ಮಾತು ಎಲ್ಲಕ್ಕಿಂತ ಮುಖ್ಯ. ಕೇಸಿನಿಂದ ಮೇಲೆ ಎರಡು, ಕೆಳಗೆ ಎರಡು ಕೊಂಬುಗಳು ಚಾಚಿಕೊಂಡಿರುತ್ತವೆ. ಎರಡು ಕೊಂಬುಗಳ ಒಳಗಿನ ಅಂತರವೇ ಪಟ್ಟಿಯ ಅಗಲ. ಗಂಡಸರ ಗಡಿಯಾರಗಳಲ್ಲಿ ಇದು ಸಾಮಾನ್ಯವಾಗಿ ೧೮ ಅಥವಾ ೨೦ ಮಿಲಿಮೀಟರು. ನಡುವಿನ ಅಳತೆಗಳೂ ಉಂಟು. ಕಲಾ ವಿಭಾಗದವರಾದ ನಮಗೆ ವರ್ನಿಯರ್ ಕ್ಯಾಲಿಪರ್ಸಿನ ಸಹವಾಸ ಕಡಮೆ. ಚಿಂತೆಯಿಲ್ಲ: ಒಂದು ಗಟ್ಟಿ ಕಾಗದದ ಪಟ್ಟಿಯನ್ನು ಕೊಂಬುಗಳ ನಡುವೆ ಸರಿಯಾಗಿ ಕೂರುವವರೆಗೆ ಸ್ವಲ್ಪಸ್ವಲ್ಪವೇ ಕತ್ತರಿಸಿ, ಆ ಕಾಗದವನ್ನು ಅಡಿಕೋಲಿನ ಮೇಲಿಟ್ಟು ಅಳೆಯಿರಿ. ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಇಲ್ಲಿ ದೊಡ್ಡದು. ತೊಗಲು ಮೆತ್ತಗಿರುವುದರಿಂದ ತಾನೇ ಕುಗ್ಗಿ ಗಡಿಯಾರಕ್ಕೆ ಹೊಂದಿಕೊಳ್ಳುತ್ತದೆ. ಲೋಹ ಹೊಂದಿಕೊಳ್ಳುವುದಿಲ್ಲ, ಅದು ಗಡಿಯಾರವನ್ನೇ ತನಗೆ ಹೊಂದಿಸಿಕೊಳ್ಳುತ್ತದೆ. ಅಗಲ ಹೆಚ್ಚಾದ ಪಟ್ಟಿಯನ್ನು ತುರುಕಿದರೆ ಕೊಂಬು ಗೀರುತ್ತದೆ. ಕಡಮೆಯಾದದ್ದು ಅತ್ತಿತ್ತ ಸರಿದಾಡಿ ಕೊಂಬಿನ ಒಳಮೈಯನ್ನು ದಿನವೂ ಅರೆಯುತ್ತದೆ. ಹಳೆಯ ಗಡಿಯಾರಗಳಲ್ಲಿ ಅನೇಕವುಗಳ ಕೇಸು ಹಿತ್ತಾಳೆಯದು, ಮೇಲೆ ಮಾತ್ರ ಕ್ರೋಮಿಯಂ ಲೇಪ. ಉಕ್ಕು ಹಿತ್ತಾಳೆಗಿಂತ ಗಟ್ಟಿ. ಎರಡರ ಜಗಳದಲ್ಲಿ ಸೋಲುವುದು ಯಾವುದೆಂದು ಹೇಳಬೇಕಾಗಿಲ್ಲ.

ಪಟ್ಟಿಯನ್ನು ಕೊಂಬುಗಳಿಗೆ ಹಿಡಿದಿಡುವುದು ಎರಡು ಸಣ್ಣ ಸ್ಪ್ರಿಂಗ್ ಪಿನ್ನುಗಳು. ಒಂದು ಕೊಳವೆ, ಒಳಗೆ ಸ್ಪ್ರಿಂಗು, ಎರಡು ತುದಿಗಳಲ್ಲಿ ಒಳಕ್ಕೆ ಸರಿಯುವ ಮೊನೆಗಳು. ಈ ಮೊನೆಗಳು ಕೊಂಬಿನ ಒಳಗಿನ ಕುಳಿಗಳಲ್ಲಿ ಕೂರುತ್ತವೆ. ಇಡೀ ಗಡಿಯಾರ ನಿಂತಿರುವುದು ಈ ನಾಲ್ಕು ಮೊನೆಗಳ ಮೇಲೆ. ಪಟ್ಟಿಗೆ ನೂರಾರು ರೂಪಾಯಿ ಕೊಡುವವರು ಪಿನ್ನಿಗೆ ಚೌಕಾಸಿ ಮಾಡಿ, ಸವೆದ ಹಳೆಯದನ್ನೇ ಹಾಕಿಸುವುದನ್ನು ಕಂಡಿದ್ದೇನೆ. ಪಟ್ಟಿ ಬದಲಾಯಿಸಿದಾಗಲೆಲ್ಲ ಪಿನ್ನನ್ನೂ ಬದಲಾಯಿಸುವುದು ಒಳ್ಳೆಯ ಪದ್ಧತಿ. ಪಿನ್ನಿನ ಉದ್ದ ಕೊಂಬುಗಳ ಅಂತರಕ್ಕೆ ಸರಿಯಾಗಿರಬೇಕು. ಗಿಡ್ಡನೆಯದು ಮೊದಮೊದಲು ನಿಂತಂತೆ ಕಂಡು, ಬಸ್ಸಿನ ಕಂಬಿ ಹಿಡಿದಾಗಲೋ ಚೀಲ ಎತ್ತುವಾಗಲೋ ಕೈಕೊಡುತ್ತದೆ. ಕೆಲವು ಹಳೆಯ ಗಡಿಯಾರಗಳಲ್ಲಿ ಪಿನ್ನಿನ ಬದಲು ಕೊಂಬಿಗೇ ಬೆಸೆದ ಕಂಬಿಯಿರುತ್ತದೆ. ಅಂಥವುಗಳಿಗೆ ತುದಿ ತೆರೆದುಕೊಳ್ಳುವ ಪಟ್ಟಿಯೇ ಬೇಕು. ಕಂಬಿಯನ್ನು ಕತ್ತರಿಸಿ ತೆಗೆಸುವ ಸಾಹಸ ಬೇಡ.

ಹಾಕುವ ಕ್ರಮ ಹೀಗೆ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ, ಗಡಿಯಾರವನ್ನು ಮುಖ ಕೆಳಗಾಗಿ ಇಡಿ. ಬಟ್ಟೆ ಗಾಜನ್ನು ಕಾಯುತ್ತದೆ. ಪಿನ್ನು ಚಿಮ್ಮಿದರೂ ಹಾರಿಹೋಗಲು ಬಿಡುವುದಿಲ್ಲ. ಕೊಂಬುಗಳ ಬೆನ್ನಿಗೆ ಅಂಟುಪಟ್ಟಿ ಹಚ್ಚಿದರೆ ಉಪಕರಣ ಜಾರಿದರೂ ಗೀರು ಬೀಳದು. ಹಳೆಯ ಪಟ್ಟಿಯನ್ನು ತೆಗೆಯಲು ಕವಲು ತುದಿಯ ಚಿಕ್ಕ ಉಪಕರಣ ಸಿಗುತ್ತದೆ. ಪಟ್ಟಿಗೂ ಕೊಂಬಿಗೂ ನಡುವೆ ಅದನ್ನು ತೂರಿಸಿ, ಪಿನ್ನಿನ ಅಂಚನ್ನು ಹಿಡಿದು, ಒಳಕ್ಕೆ ಒತ್ತಿ ಮೇಲಕ್ಕೆ ಎತ್ತಬೇಕು. ಕೊಂಬಿನಲ್ಲಿ ಆರಪಾರ ತೂತಿದ್ದರೆ ಹೊರಗಿನಿಂದ ಸೂಜಿಯಲ್ಲಿ ಒತ್ತಿದರೂ ಆಯಿತು. ಹೊಸ ಪಟ್ಟಿಯ ತುದಿಯ ಕೊಳವೆಯಲ್ಲಿ ಪಿನ್ನನ್ನು ಸೇರಿಸಿ, ಒಂದು ಮೊನೆಯನ್ನು ಮೊದಲು ಕುಳಿಯಲ್ಲಿ ಕೂರಿಸಿ, ಇನ್ನೊಂದನ್ನು ಒಳಕ್ಕೆ ಒತ್ತಿ ಎದುರು ಕುಳಿಗೆ ಸರಿಸಿ. ‘ಟಿಕ್’ ಎಂಬ ಸಣ್ಣ ಸದ್ದು ಕೇಳಿಸಬೇಕು. ಸದ್ದನ್ನಷ್ಟೇ ನಂಬದೆ, ಪಟ್ಟಿಯ ಎರಡು ಮೂಲೆಗಳನ್ನೂ ಒಂದೊಂದಾಗಿ ಎಳೆದು ನೋಡಿ. ಪಟ್ಟಿ ಮೇಲೆ ಕೆಳಗೆ ಸರಾಗವಾಗಿ ಆಡಬೇಕು, ಕೇಸಿಗೆ ಉಜ್ಜಬಾರದು.

ಉದ್ದವನ್ನು ಸರಿಮಾಡುವುದು ಕೊನೆಯ ಹೆಜ್ಜೆ. ಜಾರುವ ಬೀಗದಲ್ಲಿ ಒಂದು ಚಿಕ್ಕ ಮುಚ್ಚಳವಿರುತ್ತದೆ. ಅದನ್ನು ಉಗುರಿನಿಂದ ಎಬ್ಬಿಸದೆ, ಪಕ್ಕದ ಸಂದಿನಲ್ಲಿ ತೆಳ್ಳನೆಯ ತಿರುಪುಳಿಯ ತುದಿಯಿಟ್ಟು ಎತ್ತಿ, ಬೀಗವನ್ನು ಬೇಕಾದಲ್ಲಿಗೆ ಸರಿಸಿ, ಮುಚ್ಚಳವನ್ನು ಪೂರ್ತಿ ಒತ್ತಿ. ಬಿಸಿಲಿನ ಹೊತ್ತಿನಲ್ಲಿ ಕೈ ಸ್ವಲ್ಪ ಊದಿಕೊಳ್ಳುವುದರಿಂದ ಬೆಳಗಿನ ತಂಪಿನಲ್ಲಿ ಅಳತೆ ಹಿಡಿಯಬೇಡಿ, ಮಧ್ಯಾಹ್ನ ಹಿಡಿಯಿರಿ. ಕಟ್ಟಿಕೊಂಡಾಗ ಕಿರುಬೆರಳಿನ ತುದಿ ಪಟ್ಟಿಯ ಕೆಳಗೆ ತೂರುವಷ್ಟು ಸಡಿಲವಿದ್ದರೆ ಸಾಕು. ಮೇಲಿಂದ ಮೇಲೆ ಮುಚ್ಚಳ ತೆರೆದರೆ ಅದರ ಹಿಡಿತ ಸಡಿಲವಾಗುತ್ತದೆ. ಒಮ್ಮೆ ಸರಿಹೋದ ಮೇಲೆ ಬಿಟ್ಟುಬಿಡಿ. ಪಟ್ಟಿ ತೀರ ಉದ್ದವಾದರೆ ಮನೆಯಲ್ಲಿ ಕತ್ತರಿ ಹಾಕದೆ ಗಿಡ್ಡನೆಯದನ್ನೇ ಕೊಳ್ಳಿ. ಸಣ್ಣ ನೇಯ್ಗೆಯನ್ನು ಕತ್ತರಿಸಿದರೆ ಅಂಚಿನ ಬೆಸುಗೆ ಹೋಗಿ ಸುರುಳಿಗಳು ಬಿಡತೊಡಗುತ್ತವೆ.

ಜಾಲರಿಗೂ ಸ್ನಾನ ಬೇಕು. ಸಂದುಗಳಲ್ಲಿ ಸೇರಿದ ಧೂಳು ಬೆವರಿನೊಡನೆ ಬೆರೆತು ಅರದಂತೆ ತಂತಿಯನ್ನು ತಿನ್ನುತ್ತದೆ. ತಿಂಗಳಿಗೊಮ್ಮೆ ಪಟ್ಟಿಯನ್ನು ಗಡಿಯಾರದಿಂದ ಬಿಚ್ಚಿ, ಸೋಪಿನ ಬೆಚ್ಚನೆಯ ನೀರಿನಲ್ಲಿ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒರಸಿ, ಚೆನ್ನಾಗಿ ಒಣಗಿಸಿ ಹಾಕಿ. ಹಳೆಯ ಗಡಿಯಾರವನ್ನು ಪಟ್ಟಿಯ ಜೊತೆಗೆ ನೀರಿಗೆ ಇಳಿಸಬಾರದು. ತೊಳೆಯುವ ದಿನವೇ ಪಿನ್ನುಗಳ ಮೊನೆಗಳನ್ನೂ ಪರೀಕ್ಷಿಸಿದರೆ ಎರಡು ಕೆಲಸ ಒಟ್ಟಿಗೆ ಮುಗಿಯುತ್ತವೆ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಉಪಚಾರವೇ ಎಂದು ಕೆಲವರು ನಗಬಹುದು. ಪಟ್ಟಿ ಇಂದು ಅಂಗಡಿಯಲ್ಲಿ ಸಿಗುತ್ತದೆ, ನಾಳೆಯೂ ಸಿಗುತ್ತದೆ. ತಾತ ಕಟ್ಟಿ, ತಂದೆ ಕಟ್ಟಿ, ಈಗ ನಮ್ಮ ಕೈಗೆ ಬಂದಿರುವ ಗಡಿಯಾರ ಮಾತ್ರ ಒಂದೇ. ಕಾಗದದ ತುಂಡಿನಿಂದ ಅಳೆಯಲು ಐದು ನಿಮಿಷ, ಹೊಸ ಪಿನ್ನಿಗೆ ಕೆಲವು ರೂಪಾಯಿ. ಇವೆರಡನ್ನು ಕೊಡಲು ಜಿಪುಣತನ ಮಾಡದಿದ್ದರೆ, ನಮ್ಮ ಮುಂದಿನವರ ಕೈಯಲ್ಲಿಯೂ ಅದು ಟಿಕ್ ಟಿಕ್ ಎನ್ನುತ್ತಿರುವುದರಲ್ಲಿ ಸಂದೇಹವಿಲ್ಲ.